ಹಿಂಡಿ ನಮ್ಮದು, ಲಾಭ ಯಾರದು?

(ಲಕ್ಷ್ಮೇಶ್ವರ ತಾಲೂಕಿನ ಅಡರಕಟ್ಟಿಯಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಳ್ಳಲಾಗಿದೆ.)



ಈ ಹೊತ್ತು ಸಭೆಗೆ ಇಟ್ಟ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಮಾಂಸದ ಬದಲಿಗೆ ಕಾಳಿನ ಪುಡಿಯಂತೆ, ಅದಕ್ಕೆ ಕಾರ್ಖಾನಿಯಂತೆ, ಆ ಕಾರ್ಖಾನಿಗೆ ರೈತರೂ ಶೇರು ಹಾಕಬೇಕಂತೆ! ಪೇಟೆಯ ಕಡೆಯಿಂದ ಒಬ್ಬಿಬ್ಬರು ಬಂದು ಇಂಥ ಮಾತು ಆಡಿ ಹೋದರು. ಅವರ ಹೆಸರು ಇಲ್ಲಿ ಬೇಡ. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಬೆವರಿನ ದುಡ್ಡು ಕೇಳಲಿಕ್ಕೆ ಬಂದವರಿಗೆ ನಾವು ನಾಕು ಪ್ರಶ್ನೆ ಕೇಳಬೇಕೋ ಬ್ಯಾಡವೋ? ಆ ನಾಕು ಪ್ರಶ್ನೆಗಳನ್ನು ಹುಡುಕಲಿಕ್ಕೇ ನಾವಿಲ್ಲಿ ಕೂಡಿದ್ದೇವೆ.

ಮೊದಲಿಗೆ ಒಂದು ಮಾತು ಸ್ಪಷ್ಟ ಆಗಲಿ. ಮಾಂಸ ತಿನ್ನುವುದು ತಪ್ಪು ಅಂತ ಹೇಳಲಿಕ್ಕೆ ನಾನು ಎದ್ದು ನಿಂತಿಲ್ಲ. ಅದು ಅವರವರ ಮನೆಯ ಒಲೆಯ ವಿಚಾರ. ನಮ್ಮ ಕುರಿಗಾರರು ಹೊಲದಾಗ ಕುರಿ ತರುಬಿದರೆ ಆ ಹೊಲಕ್ಕೆ ಎರಡು ವರ್ಷ ಸರಕಾರಿ ಗೊಬ್ಬರದ ಹಂಗು ಕಡಿಮೆ. ಕುರಿ ಇಲ್ಲದ ಒಕ್ಕಲುತನ ನಮ್ಮ ಕಡೆ ಇಲ್ಲ. ಹಂಗಾಗಿ ಇವತ್ತಿನ ಮಾತು ಮಾಂಸ ಬಿಡಿಸುವ ಮಾತಲ್ಲ. ಮಾಂಸದ ಅಡಿಗೆಯೊಳಗೆ ಒಂದು ಪಾಲು ಕಾಳು ಸೇರಿದರೆ, ಆ ಕಾಳಿನ ಬೆಲೆ ಯಾರ ಕೈಗೆ ಬರತೈತಿ ಅನ್ನೋದಷ್ಟೇ ಮಾತು.

ಇದು ಹೊಸದೂ ಅಲ್ಲ. ಲಕ್ಷ್ಮೇಶ್ವರದ ಮುಸಲ್ಮಾನ ಬಂಧುಗಳ ಮನೆಯಲ್ಲಿ ದಾಲ್ಚಾ ಉಂಡವರು ಇಲ್ಲಿ ಬಹಳ ಮಂದಿ ಇದ್ದೀರಿ. ಅದರಾಗ ಏನೈತಿ? ಮಟನ್ ಐತಿ, ಕಡ್ಲಿಬ್ಯಾಳಿ ಐತಿ, ಕುಂಬಳವೋ ಸೋರೆಯೋ ಐತಿ. ಶಾಮಿ ಕಬಾಬಿನಾಗೂ ಕೈಮಾದ ಸಂಗಡ ಕಡ್ಲಿಬ್ಯಾಳಿ ರುಬ್ಬತಾರ. ಕಾಲು ಕಿಲೋ ಮಾಂಸದಾಗ ಹತ್ತು ಮಂದಿಗೆ ಊಟ ಬಡಿಸಬೇಕಾದ ತಾಯಿ ಈ ವಿದ್ಯೆ ಯಾವಾಗಲೋ ಕಲಿತಳು. ಇವತ್ತು ದೊಡ್ಡ ದೊಡ್ಡ ಕಂಪನಿಗಳು ಕೋಟಿ ಕೋಟಿ ಸುರಿದು ಮಾಡುವುದು ಇದನ್ನೇ. ಹೆಸರು ಮಾತ್ರ ಬೇರೆ.

ಜಗತ್ತಿನಾಗ ಏನಾಯಿತು?

ಅಮೆರಿಕದ ಕೃಷಿ ಇಲಾಖೆ ೧೯೭೧ರಲ್ಲಿ ಒಂದು ಅಪ್ಪಣೆ ಕೊಟ್ಟಿತು. ಶಾಲೆಯ ಮಕ್ಕಳ ಊಟದ ಮಾಂಸದಾಗ ನೂರಕ್ಕೆ ೩೦ರ ತನಕ ನೆನೆಸಿದ ಸೋಯಾ ಚೂರು ಬೆರೆಸಬಹುದು ಅಂತ. ಉದ್ದೇಶ ಧರ್ಮವೂ ಅಲ್ಲ, ದಯೆಯೂ ಅಲ್ಲ. ಖರ್ಚು ಕಡಿಮೆ ಮಾಡೋದು, ಅಷ್ಟೇ. ನಮ್ಮ ಕಿರಾಣಿ ಅಂಗಡಿಯಾಗ ಮೀಲ್ ಮೇಕರ್ ಅಂತ ಮಾರುವ ಚೂರು ಇದೇ ಜಾತಿಯದು. ಸೋಯಾಬೀನಿನ ಎಣ್ಣೆ ತೆಗೆದ ಮೇಲೆ ಉಳಿದ ಹಿಟ್ಟನ್ನು ಬಿಸಿ ಮಾಡಿ, ಒತ್ತಡದಾಗ ಸ್ಕ್ರೂ ಯಂತ್ರದಿಂದ ಹಿಂಡಿ ಹೊರಗೆ ದಬ್ಬತಾರ. ಹೊರಗೆ ಬರುವಾಗ ಅದು ಉಬ್ಬಿ ನಾರು ನಾರು ಆಗತೈತಿ. ಅದರಾಗ ಹೆಚ್ಚೂಕಡಿಮೆ ಅರ್ಧ ಭಾಗ ಪ್ರೋಟೀನು.

ಆಮೇಲೆ ಇನ್ನೊಂದು ಗಾಳಿ ಬೀಸಿತು. ಬರೀ ಬೆರೆಸೋದು ಯಾಕ, ಮಾಂಸವನ್ನೇ ಪೂರಾ ಕಿತ್ತು ಹಾಕೋಣ ಅಂದರು. ಬಿಯಾಂಡ್ ಮೀಟ್ ಅಂತ ಅಮೆರಿಕದ ಒಂದು ಕಂಪನಿ ೨೦೧೯ರ ಮೇ ತಿಂಗಳಾಗ ಶೇರು ಪೇಟೆಗೆ ಬಂತು. ಬಟಾಣಿಯ ಪ್ರೋಟೀನಿನಿಂದ ಮಾಂಸದಂಥ ಪದಾರ್ಥ ಮಾಡುವ ಕಂಪನಿ. ೨೫ ಡಾಲರಿಗೆ ಬಿಟ್ಟ ಶೇರು ಮೂರೇ ಮೂರು ತಿಂಗಳೊಳಗ ೨೩೦ ಡಾಲರು ದಾಟಿತು. ಎಲ್ಲರೂ ಓಡಿ ಓಡಿ ದುಡ್ಡು ಹಾಕಿದರು. ೨೦೨೫ರ ಅಕ್ಟೋಬರಿನಾಗ ಅದೇ ಶೇರು ಒಂದು ಡಾಲರಿಗಿಂತ ಕೆಳಗೆ ಬಿತ್ತು. ಯಾಕಂದ್ರೆ ಮಂದಿ ಒಮ್ಮೆ ರುಚಿ ನೋಡಿದರು; ಎರಡನೇ ಸಲ ಕೊಳ್ಳುವಾಗ ಮಾಂಸಕ್ಕಿಂತ ಹೆಚ್ಚಿನ ಬೆಲೆ ಕೊಡಲಿಕ್ಕೆ ತಯಾರಾಗಲಿಲ್ಲ.

ಹಂಗಂತ ಎಲ್ಲಾ ಮುಗೀತು ಅಂತ ತಿಳೀಬ್ಯಾಡ್ರಿ. ೨೦೨೪ರಲ್ಲಿ ನೆದರ್ಲ್ಯಾಂಡಿನಾಗ ಲಿಡ್ಲ್ ಅನ್ನುವ ಅಂಗಡಿಯವರು ೬೦ ಪಾಲು ಮಾಂಸ, ೪೦ ಪಾಲು ಬಟಾಣಿ ಪ್ರೋಟೀನಿನ ಮಿಶ್ರಣ ಕೂಡಿದ ಕೈಮಾ ಮಾರಲಿಕ್ಕೆ ಇಟ್ಟರು, ಅದೂ ಪೂರಾ ಮಾಂಸದ ಕೈಮಾಕ್ಕಿಂತ ಕಡಿಮೆ ಬೆಲೆಗೆ. ನೋಡ್ರಿ, ಸುತ್ತಿ ಸುತ್ತಿ ಮತ್ತೆ ನಮ್ಮ ದಾಲ್ಚಾಕ್ಕೇ ಬಂದು ಮುಟ್ಟಿದರು! ಇದರಿಂದ ನಾವು ಕಲಿಯೋ ಪಾಠ ಇಷ್ಟು: ಮಾಂಸವನ್ನು ಪೂರಾ ಓಡಿಸತೀವಿ ಅಂದವರ ದುಡ್ಡು ಮುಳುಗಿತು. ಅಗ್ಗ ಮಾಡಿ ಬೆರೆಸಿದವರ ವ್ಯಾಪಾರ ಸದ್ದಿಲ್ಲದೆ ನಡದೈತಿ. ಮತ್ತ ಅಗ್ಗ ಅಂದ ಕೂಡಲೇ ಒಕ್ಕಲಿಗನ ಕಿವಿ ನೆಟ್ಟಗಾಗಬೇಕು. ಯಾರದೋ ಊಟ ಅಗ್ಗ ಆಗಬೇಕಾದರೆ ಯಾರದೋ ಬೆಳೆ ಅಗ್ಗ ಆಗತೈತಿ.

ನಮ್ಮ ಕಾಳಿನ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಬೆಂಬಲ ಬೆಲೆಯನ್ನೇ ಹಿಡೀರಿ. ಪೇಟೆಯಾಗ ಅದೂ ಸಿಗೂದಿಲ್ಲ ಅನ್ನೋದು ನನಗೂ ಗೊತ್ತು. ಲೆಕ್ಕಕ್ಕೆ ಒಂದು ಗೂಟ ಬೇಕು, ಅದಕ್ಕೆ ಹಿಡೀತೀನಿ. ೨೦೨೫-೨೬ಕ್ಕೆ ಕ್ವಿಂಟಲ್ ಹೆಸರಿಗೆ ೮,೭೬೮ ರೂಪಾಯಿ. ಸೋಯಾಬೀನಿಗೆ ೫,೩೨೮. ಕಾಯಿ ಶೇಂಗಾಕ್ಕೆ ೭,೨೬೩. ಅದೇ ಹಿಂಗಾರಿಯಾಗ ಬಿತ್ತಿ ೨೦೨೬ರಲ್ಲಿ ಮಾರುವ ಕಡಲೆಗೆ ೫,೮೭೫.

ಹೆಸರಿನಾಗ ನೂರಕ್ಕೆ ಸುಮಾರು ೨೪ ಪಾಲು ಪ್ರೋಟೀನು. ಕಡಲೆಯಾಗ ಸುಮಾರು ೨೦. ಸೋಯಾದಾಗ ಸುಮಾರು ೪೦. ಹಂಗಾದರೆ ಪ್ರೋಟೀನಿನ ಲೆಕ್ಕದಾಗ ಕಿಲೋಕ್ಕೆ ಎಷ್ಟು ಬಿತ್ತು? ಹೆಸರಿನದು ೩೬೫ ರೂಪಾಯಿ, ಕಡಲೆಯದು ೨೯೪, ಸೋಯಾದ್ದು ೧೩೩. ಅದೂ ಸೋಯಾದ ಎಣ್ಣೆ ಬೇರೆ ಮಾರಿಕೊಳ್ಳಬಹುದು. ಇದು ಬರೀ ಕಚ್ಚಾ ಮಾಲಿನ ಲೆಕ್ಕ. ಕಾಳಿನಾಗಿನ ಪ್ರೋಟೀನು ಪೂರಾ ಕೈಗೆ ಸಿಗೂದಿಲ್ಲ. ಹಿಟ್ಟನ್ನು ಕ್ಷಾರದ ನೀರಿನಾಗ ಕರಗಿಸಬೇಕು, ಆಮ್ಲ ಹಾಕಿ ಗರಣೆ ಮಾಡಬೇಕು, ತೊಳೀಬೇಕು, ಬಿಸಿ ಗಾಳಿಯಾಗ ಸಿಂಪಡಿಸಿ ಒಣಗಿಸಬೇಕು. ನೀರು ಬೇಕು, ಕರೆಂಟು ಬೇಕು. ಅರ್ಧಕ್ಕಿಂತ ಹೆಚ್ಚು ಉಳಿಯೋದು ಪಿಷ್ಟ. ಅದನ್ನು ಕೊಳ್ಳೋರು ಯಾರು? ಹೆಸರಿನ ಪಿಷ್ಟದಿಂದ ಚೀನಾ, ಥಾಯ್ಲೆಂಡಿನವರು ಗಾಜಿನಂಥ ಶಾವಿಗೆ ಮಾಡತಾರ. ಅಲ್ಲಿ ಪಿಷ್ಟವೇ ಮುಖ್ಯ ಮಾಲು, ಪ್ರೋಟೀನು ಉಳಿಕೆ. ಅಮೆರಿಕದಾಗ ಹೆಸರಿನ ಪ್ರೋಟೀನಿನಿಂದ ತತ್ತಿಯ ಬದಲಿ ಪದಾರ್ಥ ಮಾಡಿ ಮಾರುವ ಕಂಪನಿಯೂ ಐತಿ. ಆದರೆ ಲಕ್ಷ್ಮೇಶ್ವರದಾಗ ಕೂತು ಅವರೆಲ್ಲರ ಸಂಗಡ ಕುಸ್ತಿ ಹಿಡಿಯಲಿಕ್ಕೆ ನಮ್ಮ ಶೇರು ಸಾಲದು.

ಇನ್ನೊಂದು ಮಾತು ಐತಿ. ನಾಳೆ ಇಲ್ಲಿ ಪ್ರೋಟೀನ್ ಪುಡಿಯ ಕಾರ್ಖಾನಿ ಆಯಿತು ಅಂತ ಇಟ್ಟುಕೊಳ್ರಿ. ಅದು ನಮ್ಮ ಕಡಲೆಯನ್ನೇ ಕೊಳ್ಳತೈತಿ ಅಂತ ಯಾರು ಬರಕೊಟ್ಟಾರು? ೨೦೨೩ರ ಡಿಸೆಂಬರಿನಾಗ ಕೇಂದ್ರ ಸರಕಾರ ಹಳದಿ ಬಟಾಣಿಯ ಆಮದು ಸುಂಕ ತೆಗೆದು ಹಾಕಿತು. ಕೆನಡಾ, ರಷ್ಯಾದ ಬಟಾಣಿ ಹಡಗು ಹಡಗು ಬಂತು. ೨೦೨೪-೨೫ರಲ್ಲಿ ದೇಶಕ್ಕೆ ಬಂದ ಒಟ್ಟು ಬೇಳೆಕಾಳು ಸುಮಾರು ೭೩ ಲಕ್ಷ ಟನ್. ಬಟಾಣಿ ಹಿಟ್ಟು ಕಡಲೆ ಹಿಟ್ಟಿನಾಗ ಸೇರಿತು, ಕಡಲೆಯ ಧಾರಣಿ ಕುಸಿಯಿತು. ೨೦೨೫ರ ನವೆಂಬರ್ ಒಂದರಿಂದ ಮತ್ತೆ ೩೦ ಪಾಲು ಸುಂಕ ಹಾಕಿದರು. ಅಷ್ಟೊತ್ತಿಗೆ ನಮ್ಮ ಎರಡು ವರ್ಷದ ಕಡಲೆ ಮಾರಿ ಹೋಗಿತ್ತು. ದಿಲ್ಲಿಯಾಗ ಒಂದು ಹಾಳಿಯ ಮ್ಯಾಲೆ ಸಹಿ ಬಿದ್ದರೆ ಎರೆ ಹೊಲದಾಗಿನ ಕಡಲೆಯ ಬೆಲೆ ಬದಲಾಗತೈತಿ. ಕಾರ್ಖಾನಿಯವನು ಅಗ್ಗದ್ದನ್ನು ಕೊಂಡಾನು. ಅದು ಅವನ ಧರ್ಮ. ನಾವು ಶೇರುದಾರರಾದರೂ ಆಗ ನಮ್ಮ ಎಡಗೈ ಬಲಗೈ ಜಗಳ ಆಡಬೇಕಾಗತೈತಿ: ಶೇರಿನ ಲಾಭ ನೋಡಬೇಕೋ, ಕಡಲೆಯ ಬೆಲೆ ನೋಡಬೇಕೋ?

ಮೈಸೂರಿನಲ್ಲಿ ಒಮ್ಮೆ ಮಾಡಿದ್ದರು

ಈ ಕೆಲಸ ನಮ್ಮ ರಾಜ್ಯದಾಗ ಒಮ್ಮೆ ನಡೆದೈತಿ. ಅದು ಬಹಳ ಮಂದಿಗೆ ಗೊತ್ತಿಲ್ಲ. ೧೯೫೦ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಾಗ ಸಿ.ಎಫ್.ಟಿ.ಆರ್.ಐ. ಎಂಬ ಆಹಾರ ಸಂಶೋಧನಾಲಯ ಶುರುವಾಯಿತು. ಡಾ. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಆ ದಶಕದಾಗ ಅಲ್ಲಿಯ ವಿಜ್ಞಾನಿಗಳು ೭೫ ಪಾಲು ಎಣ್ಣೆ ತೆಗೆದ ಶೇಂಗಾದ ಹಿಟ್ಟು, ೨೫ ಪಾಲು ಕಡಲೆಯ ಹಿಟ್ಟು ಕೂಡಿಸಿ, ಅದಕ್ಕೆ ಸುಣ್ಣದ ಅಂಶ, ಜೀವಸತ್ವ ಸೇರಿಸಿ ವಿವಿಧೋದ್ದೇಶ ಆಹಾರ ಅಂತ ತಯಾರು ಮಾಡಿದರು. ಶೇಂಗಾ ಮತ್ತು ಕಡಲೆ! ನಮ್ಮ ಮಸಾರಿ ಹೊಲದ್ದು ಒಂದು, ಎರೆ ಹೊಲದ್ದು ಒಂದು. ಮುಂದೆ ಅದೇ ಸಂಸ್ಥೆ ಶೇಂಗಾದ ಪ್ರೋಟೀನನ್ನು ಹಾಲಿಗೆ ಬೆರೆಸಿ ಮಿಲ್ಟೋನ್ ಎಂಬ ಪಾನೀಯ ಮಾಡಿತು. ೧೯೭೦ರ ದಶಕದಾಗ ಬೆಂಗಳೂರಿನ ಡೇರಿಯಲ್ಲಿ ಅದನ್ನು ತಯಾರಿಸುತ್ತಿದ್ದರು. ಅಂದರೆ ಹಾಲನ್ನು ಪೂರಾ ಬಿಡಲಿಲ್ಲ, ಹಿಗ್ಗಿಸಿದರು. ಮತ್ತೆ ಅದೇ ದಾಲ್ಚಾದ ಬುದ್ಧಿ.

ಇಷ್ಟು ಒಳ್ಳೆಯ ಕೆಲಸ ಮನೆಮನೆಗೆ ಯಾಕ ಮುಟ್ಟಲಿಲ್ಲ? ಬಡವರ ಪುಡಿ ಅಂತ ಹೆಸರು ಬಿದ್ದದ್ದನ್ನು ಬಡವರೂ ಆಸೆಪಟ್ಟು ಕೊಳ್ಳುವುದಿಲ್ಲ. ಇದು ನನಗೆ ಕಾಣೋ ಒಂದು ಕಾರಣ. ಇನ್ನೊಂದು ಕಾರಣ ಶೇಂಗಾದ ಒಳಗೇ ಇತ್ತು. ೧೯೬೦ರಲ್ಲಿ ಇಂಗ್ಲೆಂಡಿನಾಗ ಒಂದು ಲಕ್ಷಕ್ಕಿಂತ ಹೆಚ್ಚು ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತವು. ಹುಡುಕಿ ನೋಡಿದರೆ ಅವಕ್ಕೆ ಹಾಕಿದ ಬ್ರೆಜಿಲ್ ದೇಶದ ಶೇಂಗಾ ಹಿಂಡಿಯಾಗ ಬೂಷ್ಟಿನ ವಿಷ. ಅದರ ಹೆಸರು ಅಫ್ಲಾಟಾಕ್ಸಿನ್. ಕಣ್ಣಿಗೆ ಕಾಣೂದಿಲ್ಲ, ಕುದಿಸಿದರೂ ಹೋಗೂದಿಲ್ಲ, ಯಕೃತ್ತಿಗೆ ಕುತ್ತು. ಅಂದಿನಿಂದ ಶೇಂಗಾ ಹಿಂಡಿಯನ್ನು ಮನುಷ್ಯರ ಊಟಕ್ಕೆ ಹಾಕಬೇಕಾದರೆ ಪರೀಕ್ಷೆ ಮಾಡದೆ ಹಾಕುವಂತಿಲ್ಲ ಅಂತಾಯಿತು.

ಈ ಬೂಷ್ಟು ಎಲ್ಲಿಂದ ಬರತೈತಿ ಅಂತ ಕೇಳಿದರೆ ವಿಜ್ಞಾನಿಗಳು ಸರಿಯಾಗಿಯೇ ಹೇಳತಾರ: ಕಾಯಿ ಕಟ್ಟೋ ಹೊತ್ತಿನ್ಯಾಗ ಬರ ಬಿದ್ದರೆ ಬರತೈತಿ, ಕಿತ್ತ ಮೇಲೆ ಹಸಿ ಉಳಿದರೆ ಬರತೈತಿ. ಕಿತ್ತಾಗ ಶೇಂಗಾ ಕಾಯಿಯಾಗ ನೂರಕ್ಕೆ ಮೂವತ್ತು ನಲವತ್ತು ಪಾಲು ನೀರು. ಅದನ್ನು ಎಂಟೊಂಬತ್ತಕ್ಕೆ ಇಳಿಸಿ ಚೀಲ ಹೊಲಿಯಬೇಕು. ಇದು ವಿಜ್ಞಾನಿಯ ಮಾತು. ನನ್ನದು ಒಕ್ಕಲಿಗನ ಮಾತು. ನಾನು ಹೇಳತೀನಿ: ಈ ಬೂಷ್ಟು ಸಾಲದಿಂದ ಬರತೈತಿ.

ಸಾಲ ಬೂಷ್ಟಾಗುವ ಬಗೆ

ನನ್ನ ಮನೆಯ ಕಥೆಯನ್ನೇ ಹೇಳತೀನಿ. ಒಂದು ವರ್ಷ ಶೇಂಗಾ ಚಲೋ ಬಂದಿತ್ತು. ಕೀಳೋ ಹೊತ್ತಿಗೆ ಮಳೆ ಜಡಿ ಹಿಡೀತು. ಸಾಲದ ಕಂತು ಮುಂದೆ ನಿಂತಿತ್ತು. ಬಿತ್ತುವಾಗ ಬೀಜ ಗೊಬ್ಬರ ಉದ್ರಿ ಕೊಟ್ಟವರೂ ಬಾಗಿಲಿಗೆ ಬಂದು ಕೂತಿದ್ದರು. ಇನ್ನು ಎಂಟು ದಿವಸ ಒಣಗಿಸಿದರೆ ಬಿಸಿಲು ಬಿದ್ದೀತು ಅಂತ ನನ್ನ ಮನೆಯಾಕೆ ಅಂದಳು. ನಾನು ಕೇಳಲಿಲ್ಲ. ಹಸೀ ಕಾಯಿಯನ್ನೇ ಚೀಲ ತುಂಬಿ ಪೇಟೆಗೆ ಹೊಡೆದೆ. ಅಲ್ಲಿ ಒಬ್ಬರು ಕೈ ಹಾಕಿ ಹಿಸುಕಿ ನೋಡಿದರು, ಹಸಿ ಐತಿ ಅಂದರು, ತೂಕದಾಗ ಕಡಿದರು, ಬೆಲೆಯಾಗ ಕಡಿದರು. ಕಂತು ತುಂಬಿ ಊರಿಗೆ ಬರುವಾಗ ಬಸ್ಸಿನ ಚಾರ್ಜು ಬಿಟ್ಟರೆ ಕಿಸೆಯಾಗ ಏನೂ ಇರಲಿಲ್ಲ. ಆಕೆ ಎರಡು ಚೀಲ ಕಾಯಿಯನ್ನು ಮಾತ್ರ ನನಗೆ ಕೊಡದೆ ಅಟ್ಟದ ಮ್ಯಾಲೆ ಹರವಿ, ದಿನಾ ಕೈಯಾಡಿಸಿ ಒಣಗಿಸಿ ಇಟ್ಟಿದ್ದಳು. ಮುಂದೆ ಅದರಾಗಿನ ಬೀಜವೇ ನಮಗೆ ಬಿತ್ತಲಿಕ್ಕೆ ಆಯಿತು. ಉಳಿದದ್ದನ್ನು ಗಾಣಕ್ಕೆ ಹಾಕಿಸಿದೆವು. ಆ ಹಿಂಡಿ ಮೂಸಿದರೆ ಹುರಿದ ಶೇಂಗಾದ ವಾಸನೆ. ಪೇಟೆಗೆ ಹೋದ ಮಾಲಿನ ಹಿಂಡಿ ಯಾವ ವಾಸನೆ ಬಂತೋ, ಯಾವ ಎಮ್ಮೆ ತಿಂತೋ, ನನಗೆ ಗೊತ್ತಿಲ್ಲ.

ಹೊಲ ಒಂದೇ, ಬೀಜ ಒಂದೇ, ಮಳೆ ಒಂದೇ. ಒಂದು ಮಾಲು ಮನುಷ್ಯರ ಊಟ ಆಯಿತು, ಇನ್ನೊಂದು ಹಾಳಾಯಿತು. ನಡುವೆ ಇದ್ದದ್ದು ಎಂಟು ದಿವಸ. ಆ ಎಂಟು ದಿವಸವನ್ನು ಸಾಲ ನನ್ನಿಂದ ಕಸಕೊಂಡಿತ್ತು.

ಈಗ ಶೇಂಗಾದ ಲೆಕ್ಕ ಕೇಳ್ರಿ. ಕ್ವಿಂಟಲ್ ಕಾಯಿ ಒಡೆದರೆ ಸುಮಾರು ೭೦ ಕಿಲೋ ಬೀಜ. ಗಾಣಕ್ಕೆ ಹಾಕಿದರೆ ಮೂವತ್ತರ ಹತ್ತಿರ ಎಣ್ಣೆ, ನಲವತ್ತರ ಹತ್ತಿರ ಹಿಂಡಿ. ಬೀಜದಾಗಿನ ಪ್ರೋಟೀನು ಎಣ್ಣೆಯ ಸಂಗಡ ಹೋಗೂದಿಲ್ಲ. ಅಷ್ಟೂ ಹಿಂಡಿಯಾಗ ಉಳೀತೈತಿ. ಅಂದರೆ ಹಿಂಡಿಯಾಗ ನೂರಕ್ಕೆ ನಲವತ್ತರ ಮೇಲೆ ಪ್ರೋಟೀನು, ಸೋಯಾಬೀನಿಗೆ ಸರಿಸಮ. ಕಾಯಿಯ ಖರ್ಚಿನ ಬಹುಪಾಲನ್ನು ಎಣ್ಣೆಯೇ ತೀರಿಸತೈತಿ. ಹಂಗಾಗಿ ನಮ್ಮ ಸೀಮೆಯಾಗ ಅಗ್ಗದ ಪ್ರೋಟೀನು ಅಂತ ಇದ್ದರೆ ಅದು ಹೆಸರಿನಾಗೂ ಇಲ್ಲ, ಕಡಲೆಯಾಗೂ ಇಲ್ಲ, ಶೇಂಗಾ ಹಿಂಡಿಯಾಗ ಐತಿ. ಅದನ್ನು ನಾವು ದನದ ಮೇವಿನ ಬೆಲೆಗೆ ಮಾರತೀವಿ. ದನದ ಹಿಂಡಿಗೂ ಮನುಷ್ಯರು ತಿನ್ನೋ ಹಿಟ್ಟಿಗೂ ನಡುವೆ ಇರುವ ಅಂತರ ದೊಡ್ಡ ಕಾರ್ಖಾನಿ ಅಲ್ಲ. ಒಣ ಕಣ, ಬಿಗಿ ಗೋದಾಮು, ಕೊಳೆತದ್ದು ಮುರುಟಿದ್ದು ಆರಿಸಿ ತೆಗೆಯೋ ಕೈ, ಸ್ವಚ್ಛ ಗಾಣ, ಪ್ರತಿ ರಾಶಿಗೆ ಒಂದು ಪರೀಕ್ಷೆಯ ಚೀಟಿ. ಇಷ್ಟೇ.

ಹಂಗಾರ ದುಡ್ಡು ಎಲ್ಲಿ ಹಾಕಬೇಕು?

ಮೊದಲ ದುಡ್ಡು ಕಣಕ್ಕೆ ಮತ್ತು ಗೋದಾಮಿಗೆ. ಮಳೆಗೆ ಹೊದಿಸೋ ತಾಡಪತ್ರಿ, ಗಟ್ಟಿ ನೆಲ, ತೇವ ಅಳೆಯೋ ಒಂದು ಮೀಟರು. ಮಾಲು ಗೋದಾಮಿನಾಗ ಇಟ್ಟು ಅದರ ರಸೀದಿಯ ಮ್ಯಾಲೆ ಸಾಲ ತಗೊಳ್ಳೋ ಏರ್ಪಾಡು ಐತಿ. ಆ ಸಾಲದಿಂದ ಕಂತು ತುಂಬಿದರೆ ಎಂಟು ದಿವಸ ಅಲ್ಲ, ಎಂಟು ವಾರ ಕಾಯಬಹುದು. ಇದು ಶೇಂಗಾಕ್ಕಷ್ಟೇ ಅಲ್ಲ, ಹೆಸರು ಕಡಲೆಗೂ ಬರತೈತಿ. ಪುಡಿಯ ವ್ಯಾಪಾರ ಕೈಕೊಟ್ಟರೂ ಕಣ ಎಲ್ಲಿಗೂ ಹೋಗೂದಿಲ್ಲ.

ಎರಡನೇ ದುಡ್ಡು ಬ್ಯಾಳಿ ಒಡೆಯೋದಕ್ಕೆ, ಗಾಣಕ್ಕೆ. ಕಡ್ಲಿಬ್ಯಾಳಿ, ಹೆಸರಬ್ಯಾಳಿ, ಶೇಂಗಾ ಎಣ್ಣೆ. ಇವಕ್ಕೆ ಗಿರಾಕಿ ಹುಡುಕಲಿಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಅಣ್ಣಿಗೇರಿ ಕಡಲೆ ಅಂದರೆ ಊರ ಹೆಸರೇ ತಳಿಯ ಹೆಸರಾಗಿ ನಿಂತ ಸೀಮೆ ನಮ್ಮದು. ಮೂರನೇ ದುಡ್ಡು ಹಿಟ್ಟಿಗೆ. ಪರೀಕ್ಷೆ ಆದ ಶೇಂಗಾ ಹಿಟ್ಟು, ಕಡಲೆ ಹಿಟ್ಟು. ಕಬಾಬು, ಕಟ್ಲೆಟ್ಟು ಮಾಡೋ ಕಂಪನಿಗಳು, ಹಾಸ್ಟೆಲಿನ ಅಡಿಗೆಮನೆಗಳು ಇಂಥ ಹಿಟ್ಟು ಬೆರೆಸಲಿಕ್ಕೆ ಕೊಂಡಾವು. ಆದರೆ ಕೊಳ್ಳುವವನು ಮುಂಚೆ ಕಾಗದ ಬರೆದುಕೊಡಬೇಕು, ಆಮೇಲೆ ನಾವು ಯಂತ್ರ ತರಬೇಕು. ಪ್ರೋಟೀನನ್ನೇ ಬೇರ್ಪಡಿಸೋ ದೊಡ್ಡ ಕಾರ್ಖಾನಿಗೆ ಸದ್ಯಕ್ಕೆ ಒಂದು ಪೈಸಾನೂ ಬ್ಯಾಡ.

ಇನ್ನು ಬಂದವರಿಗೆ ಕೇಳಬೇಕಾದ ಆ ನಾಕು ಪ್ರಶ್ನೆ. ಒಂದು: ನಮ್ಮ ಕಾಳನ್ನು ಬೆಂಬಲ ಬೆಲೆಗಿಂತ ಕಡಿಮೆ ಇಲ್ಲದಂತೆ ಕೊಳ್ಳತೀವಿ ಅಂತ ಬರಕೊಡತೀರೇನು? ಎರಡು: ಹೊರದೇಶದ ಬಟಾಣಿ ಅಗ್ಗ ಆದ ವರ್ಷವೂ ನಮ್ಮ ಮಾಲು ಕೊಳ್ಳತೀರೇನು? ಮೂರು: ನಷ್ಟ ಬಂದರೆ ಮೊದಲು ಯಾರ ದುಡ್ಡು ಮುಳುಗತೈತಿ, ನಿಮ್ಮದೋ ನಮ್ಮದೋ? ನಾಕು: ಸಭೆಯಾಗ ಕೈ ಎತ್ತಿದರೆ ಒಬ್ಬನಿಗೆ ಒಂದು ಮತವೋ, ದುಡ್ಡಿಗೆ ತಕ್ಕ ಮತವೋ?

ಈ ನಾಕನೇ ಪ್ರಶ್ನೆ ಬಹಳ ದೊಡ್ಡದು. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಾಗ ಕೃಷಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ದೇಶಕ್ಕೇ ಮೊದಲಿನದು ಅದು. ಬಡ್ಡಿಯ ಬಾಯಿಂದ ಒಕ್ಕಲಿಗನನ್ನು ಬಿಡಿಸಬೇಕು ಅಂತ ನೂರಿಪ್ಪತ್ತು ವರ್ಷದ ಹಿಂದೆ ಹಳ್ಳಿಯ ಮಂದಿ ತಾವೇ ದುಡ್ಡು ಕೂಡಿಸಿದರು. ಇವತ್ತು ಕಾಯಿದೆಯ ಪ್ರಕಾರ ರೈತ ಉತ್ಪಾದಕರ ಕಂಪನಿ ಮಾಡಬಹುದು. ಅದರಾಗೂ ಒಬ್ಬ ಸದಸ್ಯನಿಗೆ ಒಂದೇ ಮತ. ೨೦೨೦ರಲ್ಲಿ ಶುರುವಾದ ಕೇಂದ್ರದ ಯೋಜನೆಯಾಗ ಸದಸ್ಯ ಹಾಕಿದ ಶೇರಿಗೆ ಸರಿಸಮ, ತಲಾ ೨,೦೦೦ ರೂಪಾಯಿ ತನಕ ಅನುದಾನ ಇಟ್ಟರು. ಕಾಯಿದೆ ಐತಿ ಅಂದಮಾತ್ರಕ್ಕೆ ಕೆಲಸ ಆಗೂದಿಲ್ಲ. ಹೆಸರಿಗೆ ರೈತರ ಕಂಪನಿ, ಕೀಲಿಕೈ ಇನ್ನೊಬ್ಬರ ಸೊಂಟದಾಗ ಅಂತ ಆಗಬಾರದು.

ಕಡೆಗೆ ಒಂದು ಮಾತು ಗೋವಿನಜೋಳದವರಿಗೆ. ೨೦೨೫ರ ನವೆಂಬರಿನಾಗ ಲಕ್ಷ್ಮೇಶ್ವರದಾಗ ಧರಣಿ ಕೂತದ್ದನ್ನು ಯಾರೂ ಮರೆತಿಲ್ಲ. ಆಗ ೨,೪೦೦ ರೂಪಾಯಿ ಬೆಂಬಲ ಬೆಲೆ ಕಾಗದದಾಗ ಇತ್ತು, ಪೇಟೆಯಾಗ ಎರಡು ಸಾವಿರವೂ ಇರಲಿಲ್ಲ. ಗೋವಿನಜೋಳ ತಿನ್ನೋ ದೊಡ್ಡ ಗಿರಾಕಿ ಕೋಳಿ. ಕೋಳಿ ಮಾಂಸದಾಗ ಕಾಳಿನ ಹಿಟ್ಟು ಬೆರೆತಷ್ಟು ಕೋಳಿಗೆ ಹಾಕೋ ಜೋಳ ಕಡಿಮೆ. ಇದನ್ನು ಮುಚ್ಚಿಟ್ಟು ನಾನು ಭಾಷಣ ಮಾಡಲಾರೆ. ಅದಕ್ಕೇ ಹೇಳತೀನಿ, ಊರೆಲ್ಲಾ ಒಂದೇ ಬೆಳೆಗೆ ಬೀಳಬ್ಯಾಡ್ರಿ. ಮುಂಗಾರಿಗೆ ಎರಡೂಕಾಲು ತಿಂಗಳದ ಹೆಸರು, ಅದರ ಹಿಂದೆ ಹಿಂಗಾರಿಗೆ ಕಡಲೆ ಅಥವಾ ಬಿಳಿಜೋಳ. ಇದು ನಮ್ಮ ಹಿರಿಯರ ಸರದಿ. ಕಾಳಿನ ಬೇರಿನ ಗಂಟು ಗಾಳಿಯ ಸಾರಜನಕವನ್ನು ನೆಲಕ್ಕೆ ಹಿಡಿದು ಹಾಕತೈತಿ. ಯೂರಿಯಾದ ಪಾಳಿಯಾಗ ನಿಂತವನಿಗೆ ಅದರ ಬೆಲೆ ಗೊತ್ತು.

ಹೆಸರು ಕಡಲೆಯ ಸರಕಾರಿ ಖರೀದಿ ಒಟ್ಟು ಬೆಳೆಯ ಕಾಲು ಭಾಗದ ಆಚೆ ಹೋಗೂದಿಲ್ಲ ಅಂತ ೨೦೨೪ರ ಲೆಕ್ಕ. ಉಳಿದ ಮುಕ್ಕಾಲು ಭಾಗ ನಮ್ಮ ಕಣದಾಗ ಬಿದ್ದಿರತೈತಿ. ಅದು ಹಸಿ ಬಿದ್ದಿರಬೇಕೋ, ಒಣಗಿ ಬಿದ್ದಿರಬೇಕೋ ಅನ್ನೋದನ್ನು ನಾವೇ ನಿರ್ಧಾರ ಮಾಡಬೇಕು. ಮುಂದಿನ ಸಭೆಗೆ ಬರುವಾಗ ಪ್ರತಿ ಮನೆಯವರು ಒಂದು ಲೆಕ್ಕ ಬರಕೊಂಡು ಬರ್ರಿ: ಹೋದ ವರ್ಷ ಎಷ್ಟು ಚೀಲ ಹಸಿ ಮಾರಿದಿರಿ, ಯಾರ ಕಂತಿಗಾಗಿ ಮಾರಿದಿರಿ, ಎಷ್ಟು ಕಡಿತ ಬಿತ್ತು. ಆ ಲೆಕ್ಕ ಕೂಡಿಸಿ ನೋಡೋಣ. ಕಣ ಕಟ್ಟಲಿಕ್ಕೆ ಬೇಕಾದ ದುಡ್ಡಿನ ಬಹುಪಾಲು ಆ ಕಡಿತದಾಗೇ ಹೋಗಿರತೈತಿ ಅಂತ ನನ್ನ ಅಂದಾಜು. ತಪ್ಪಿದ್ದರೆ ನೀವೇ ಎದ್ದು ಹೇಳ್ರಿ.